ಎದೆಗೊಂದು ಕೈ, ಹೊಟ್ಟೆಗೊಂದು ಕೈ

"ಭುಜ ಇಳಿಸಿ, ಮೇಡಂ."

ಇನ್ಸ್‌ಪೆಕ್ಟರಮ್ಮ ಇನ್ನೂ ಬಾಗಿಲು ದಾಟಿರಲಿಲ್ಲ. ಹೆಸರು ಹೇಳಿರಲಿಲ್ಲ, ಗುರುತಿನ ಚೀಟಿ ತೆಗೆದಿರಲಿಲ್ಲ. ಅಷ್ಟರಲ್ಲೇ ಅಪ್ಪಣೆ! ಅದೂ ಬೆನ್ನು ತಿರುಗಿಸಿಕೊಂಡು, ಗಾಜಿನ ಜಾಡಿಯೊಂದನ್ನು ಬಟ್ಟೆಯಿಂದ ಒರೆಸುತ್ತ ನಿಂತ ಮನುಷ್ಯನಿಂದ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಮೆಟ್ಟಿಲು ಹತ್ತುವಾಗ್ಲೇ ಕೇಳಿಸ್ತು," ಎಂದ ಆ ಮನುಷ್ಯ, ತಿರುಗಿಯೂ ನೋಡದೆ. "ಮೇಲೆ ಮೇಲೆ ಎಳೆಯೋದು, ಕೊನೇಲಿ ಸಣ್ಣದೊಂದು ತಡೆ. ಮತ್ತೆ ಅದೇ ಹಳೇ ಚಾಳಿ. ಎಷ್ಟು ಹೇಳಿದ್ರೂ ಅಷ್ಟೇ. ಕೂತ್ಕೊಳ್ಳಿ."

"ನಾನು ನಿಮ್ಮ ಪೇಷಂಟ್ ಅಲ್ಲ. ಪೊಲೀಸ್."

"ಪೊಲೀಸ್ನೋರು ಉಸಿರಾಡಲ್ವಾ?"

ಊರೆಲ್ಲ ಅವರನ್ನು ಉಸಿರು ಮೇಷ್ಟ್ರು ಎಂದು ಕರೆಯುತ್ತಿತ್ತು. ಆಪರೇಷನ್ ಆದವರು, ಎದೆ ಕಟ್ಟಿದವರು, ಹಾಡುವವರು, ಊದುವವರು, ಈಜುವವರು, ಯಾರ ಉಸಿರು ಹದ ತಪ್ಪಿದರೂ ಈ ಮಹಡಿ ಹತ್ತಲೇಬೇಕು. ಏದುಸಿರು ಬಿಡುವವರನ್ನು ಮಹಡಿ ಹತ್ತಿಸುವ ಇದೆಂಥ ವೈದ್ಯವಪ್ಪಾ ಎಂದು ನಗುವವರು ನಗುತ್ತಿದ್ದರು. ಮೇಷ್ಟ್ರು ಮಾತ್ರ ಮೇಲೆ ಕೂತು ಮೆಟ್ಟಿಲ ಸದ್ದು ಕೇಳುತ್ತಿದ್ದರು. ಬರುವವರು ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಕಾಯಿಲೆ ಅವರಿಗೆ ಗೊತ್ತಾಗಿರುತ್ತಿತ್ತು.

ಇನ್ಸ್‌ಪೆಕ್ಟರಮ್ಮ ಬಂದದ್ದು ಉಸಿರಾಟ ಕಲಿಯಲಿಕ್ಕಲ್ಲ. ಇವರನ್ನು ಹಿಡಿಯಲಿಕ್ಕೆ.

ವಾದ್ಯ ರಿಪೇರಿ ಅಂಗಡಿಯ ತುತ್ತೂರಿ ಯಜಮಾನರು ಮೊನ್ನೆ ಬೆಳಗ್ಗೆ ತಮ್ಮ ಮಂಚದ ಮೇಲೆ ಅಂಗಾತ ಸತ್ತು ಮಲಗಿದ್ದರು; ನಿದ್ದೆ ಮಾತ್ರೆ ಹೆಚ್ಚು ಕೊಟ್ಟು ಕೊಂದದ್ದು ಮನೆಯಲ್ಲೇ ಇದ್ದ ನರ್ಸ್ ಎಂದು ಅವರ ಮಗ ದೂರು ಕೊಟ್ಟಿದ್ದ; ಆ ನರ್ಸ್ ಇನ್ಸ್‌ಪೆಕ್ಟರಮ್ಮನ ಬೆನ್ನಿಗೆ ಬಿದ್ದ ತಂಗಿ. ಇಷ್ಟು ಗೊತ್ತಿದ್ದರೆ ಸಾಕು.

ಕೇಸನ್ನು ಅವಳ ಕೈಯಿಂದ ಕಿತ್ತು ಮೀಸೆ ಸಾಹೇಬರಿಗೆ ಕೊಟ್ಟಾಗಿತ್ತು. "ನಿಮ್ಮ ಮುಖ ನೋಡಿ ಸಂಜೆವರೆಗೆ ಸುಮ್ಮನಿರ್ತೀನಿ ಮೇಡಂ," ಎಂದಿದ್ದರು ಅವರು. "ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ. ಆಗ ಅಡ್ಡ ಬರಬೇಡಿ." ಸಾಹೇಬರು ಕೆಟ್ಟವರೇನಲ್ಲ. ಆದರೆ ಒಂದು ಸಲ ಒಳಗೆ ಹಾಕಿದವರನ್ನು ಹೊರಗೆ ಬಿಟ್ಟ ದಾಖಲೆ ಅವರ ನೌಕರಿಯಲ್ಲೇ ಇಲ್ಲ.

ತಂಗಿ ಈಗ ಕೆಳಗೆ, ರಸ್ತೆಯಾಚೆ ನಿಲ್ಲಿಸಿದ ಕಾರಿನಲ್ಲಿ ಕೂತಿದ್ದಳು. "ನೀನೂ ಮೇಲೆ ಬಾರೇ, ಒಬ್ಬಳೇ ಕೂತು ತಲೆ ಕೆಡಿಸ್ಕೋಬೇಡ," ಎಂದು ಕರೆದದ್ದಕ್ಕೆ, "ಕಾಲಲ್ಲಿ ಬಲಾನೇ ಇಲ್ಲ ಅಕ್ಕ, ಆ ಮೆಟ್ಟಿಲು ನನ್ನ ಕೈಲಾಗಲ್ಲ. ನೀನು ಹೋಗಿ ಬಾ," ಎಂದು ಸೀಟಿಗೆ ತಲೆ ಆನಿಸಿದ್ದಳು. ಮುಖ ಬಿಳಚಿಕೊಂಡಿತ್ತು. ಅದನ್ನು ನೋಡಿ ಅಕ್ಕ ಹೆಚ್ಚು ಒತ್ತಾಯ ಮಾಡಲಿಲ್ಲ.

"ತುತ್ತೂರಿ ಯಜಮಾನ್ರು ಗೊತ್ತಾ ನಿಮಗೆ?" ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ.

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ನಿಂತಿತು. "ಗೊತ್ತು. ಹೋದ್ರಂತೆ. ಒಳ್ಳೇ ಜೀವ."

"ಒಳ್ಳೇ ಜೀವಾನಾ? ನಡು ಬೀದೀಲಿ ನಿಮ್ಮ ಮೇಲೆ ಕೂಗಾಡಿದ್ರಂತಲ್ಲ."

"ಊದಬೇಡಿ ಅಂದೆ, ಅದಕ್ಕೆ ಕೂಗಾಡಿದ್ರು. ಬಾಯಿಂದ ತುತ್ತೂರಿ ಕಿತ್ಕೊಂಡ ಪಾಪಿ ಅಂದ್ರು. ಬದುಕೆಲ್ಲ ಊದಿದೋರಿಗೆ ಊದಬೇಡಿ ಅಂದ್ರೆ ಮತ್ತೇನು, ಹಾರ ಹಾಕ್ತಾರಾ?"

ಮಾತಿಗೆ ಮಾತು ಸಿದ್ಧವಿತ್ತು. ಅದು ಅವಳಿಗೆ ಹಿಡಿಸಲಿಲ್ಲ. ಇಷ್ಟು ಸಲೀಸಾಗಿ ಉತ್ತರ ಕೊಡುವವರು ಒಂದೋ ಬಹಳ ಸಾಚಾ, ಇಲ್ಲ ಮನೆಯಲ್ಲೇ ಪಾಠ ಒಪ್ಪಿಸಿ ಬಂದವರು. ಅವಳು ಕೋಣೆಯ ಸುತ್ತ ಕಣ್ಣಾಡಿಸಿದಳು. ಒಂದು ಉದ್ದ ಬೆಂಚು, ಒಂದು ಕನ್ನಡಿ, ಮೂಲೆಯಲ್ಲಿ ಆಳೆತ್ತರದ ಪ್ಲಾಸ್ಟಿಕ್ ಮುಂಡ. ಅದರ ಎದೆಯ ಮುಚ್ಚಳ ತೆಗೆದಿಟ್ಟಿತ್ತು. ಗಂಟಲಿನಿಂದ ಇಳಿದ ಕೊಳವೆ ಎರಡಾಗಿ ಕವಲೊಡೆದಿತ್ತು. ಬಲಗಡೆ ಮೂರು ಹೋಳಿನ ಶ್ವಾಸಕೋಶ ಇತ್ತು. ಎಡಗಡೆ ಬರೀ ಖಾಲಿ ಗೂಡು. ಯಾರೋ ಎತ್ತಿಕೊಂಡು ಹೋಗಿರಬೇಕು ಎಂದುಕೊಂಡಳು.

ಆಮೇಲೆ ಮೊಬೈಲ್ ತೆಗೆದಳು. ಠಾಣೆಯ ಫೋಟೋಗ್ರಾಫರ್ ಕದ್ದುಮುಚ್ಚಿ ಕಳಿಸಿದ ಎರಡು ಫೋಟೋ ಅದರಲ್ಲಿದ್ದವು. ಮೊದಲನೆಯದನ್ನು ಬೇಗ ಬೇಗ ದಾಟಿಸಿ ಎರಡನೆಯದನ್ನು ಮೇಷ್ಟ್ರ ಮುಂದೆ ಹಿಡಿದಳು.

ಹೊದಿಕೆ ಸರಿಸಿದ ಮೇಲೆ ತೆಗೆದ ಫೋಟೋ ಅದು. ಯಜಮಾನರ ಬಲಗೈ ಎದೆಯ ಮೇಲಿತ್ತು. ಎಡಗೈ ಹೊಟ್ಟೆಯ ಮೇಲೆ, ಹೊಕ್ಕಳಿಗೆ ಸ್ವಲ್ಪ ಮೇಲೆ, ಬೆರಳು ಅಗಲಿಸಿ ಇಟ್ಟಂತೆ.

ಮೇಷ್ಟ್ರ ಮುಖದಿಂದ ರಕ್ತ ಇಳಿಯಿತು. ಅವರ ಕೈ ಸರಕ್ಕನೆ ಮೇಲೆದ್ದು ತಮ್ಮ ಎದೆಯ ಮೇಲೇ ಕೂತಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಇನ್ಸ್‌ಪೆಕ್ಟರಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಸಿಕ್ಕಿದೆಯಾ ಮಗನೇ ಎಂದುಕೊಂಡಳು.

"ಪೋಸ್ಟ್‌ಮಾರ್ಟಂ ಡಾಕ್ಟ್ರನ್ನ ಕೇಳ್ದೆ," ಎಂದಳು. "ನಿದ್ದೇಲಿ ಸತ್ತೋರ ಕೈ ಹೀಗಿರಲ್ಲ, ಇದು ಉಸಿರು ಮೇಷ್ಟ್ರ ಪಾಠ, ಅವರ ಹತ್ರ ಹೋದೋರಿಗೆಲ್ಲ ಮೊದಲು ಕಲಿಸೋದು ಇದನ್ನೇ ಅಂದ್ರು. ಎದೆಗೊಂದು ಕೈ, ಹೊಟ್ಟೆಗೊಂದು ಕೈ. ಸುಳ್ಳಾ?"

"ಸುಳ್ಳಲ್ಲ."

"ಸತ್ತೋರಿಗೂ ಪಾಠ ಮಾಡೋಕೆ ಹೋಗಿದ್ರಾ? ಕೈ ಚಳಕ ಮರೆಯೋಕಾಗ್ಲಿಲ್ಲ, ಅಲ್ವಾ? ಕುರ್ಚೀಲಿ ಮಲಗಿದ್ದೋರನ್ನ ಎತ್ತಿ ಮಂಚಕ್ಕೆ ಹಾಕಿ, ಕೊನೇಲಿ ಅಭ್ಯಾಸಬಲದಿಂದ ಕೈ ಜೋಡಿಸಿಟ್ಟು ಬಂದ್ರಿ."

ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಏನ್ರೀ ಇದು?"

"ನೋಡಿ ಮೇಡಂ, ನಾಚ್ಕೋಬೇಡಿ. ನನಗೇನೂ ನಾಚಿಕೆ ಇಲ್ಲ."

ಅವರು ಎಡ ಮಗ್ಗುಲಾಗಿ ತಿರುಗಿದರು. ಬೆನ್ನ ಮೂಳೆಯ ಹತ್ತಿರ ಶುರುವಾಗಿ ಕಂಕುಳ ಕೆಳಗೆ ಬಳಸಿಕೊಂಡು ಮೊಲೆಯ ತನಕ ಬಂದ ಉದ್ದನೆಯ ಹೊಲಿಗೆಯ ಗುರುತು. ಆ ಕಡೆಯ ಪಕ್ಕೆಲುಬುಗಳು ಒಳಕ್ಕೆ ಕುಸಿದು ಒಂದರ ಮೇಲೊಂದು ಒರಗಿದ್ದವು. ಉಸಿರು ಎಳೆದಾಗ ಬಲಗಡೆ ಎದೆ ಎದ್ದಿತು. ಎಡಗಡೆ ಸುಮ್ಮನಿತ್ತು.

"ಎಡಗಡೇದನ್ನ ಪೂರ್ತಿ ತೆಗೆದುಬಿಟ್ಟಿದ್ದಾರೆ. ಆ ಗೊಂಬೇಲಿ ಖಾಲಿ ಇದೆಯಲ್ಲ, ಅದಕ್ಕೇ. ನನ್ನಲ್ಲಿಲ್ಲದ್ದು ಅದರಲ್ಲಿ ಯಾಕೆ ಅಂತ ತೆಗೆದಿಟ್ಟೆ," ಎಂದು ನಕ್ಕರು. "ನೀವು ಬರುವಾಗ ಮೆಟ್ಟಿಲು ತಿರುಗೋ ಕಡೆ ಒಂದು ಸ್ಟೂಲು ನೋಡಿರಬೇಕು."

ನೋಡಿದ್ದಳು. ಯಾರೋ ಮುದುಕರಿಗೆ ಇಟ್ಟದ್ದು ಎಂದುಕೊಂಡಿದ್ದಳು.

"ಅದು ನನ್ನದು. ಬೆಳಗ್ಗೆ ಹತ್ತುವಾಗ ಅಲ್ಲಿ ಕೂತು ಸುಧಾರಿಸ್ಕೊಂಡೇ ಮೇಲೆ ಬರೋದು. ಅವರ ಮನೇಲಿ ಯಜಮಾನ್ರ ಕೋಣೆ ಇರೋದು ಇದಕ್ಕಿಂತ ಇನ್ನೂ ಒಂದು ಮಹಡಿ ಮೇಲೆ. ಹೇಗೋ ಹತ್ತಿದೆ ಅಂತಲೇ ಇಟ್ಕೊಳ್ಳಿ. ಅವರ ಮೈ ನೋಡಿದ್ದೀರಾ? ಇಬ್ಬರು ಗಟ್ಟಿ ಆಳು ಬೇಕು ಎತ್ತೋಕೆ. ಇಲ್ಲಾ, ಎತ್ತದೇ ಹೊರಳಿಸೋ ವಿದ್ಯೆ ಗೊತ್ತಿರಬೇಕು. ನಾನು ಒಂದು ಬಿಂದಿಗೆ ನೀರು ಎತ್ತಿದ್ರೆ ಅರ್ಧ ದಿನ ಮಾತಾಡಲ್ಲ."

ಇನ್ಸ್‌ಪೆಕ್ಟರಮ್ಮ ಬೆಂಚಿನ ಮೇಲೆ ಕೂತಳು. ಬೆಳಗಿನಿಂದ ಹಿಡಿದುಕೊಂಡಿದ್ದ ಒಂದೇ ಒಂದು ದಾರ, ಅದೂ ಕೈಯಲ್ಲೇ ಕಡಿದುಹೋಯಿತು. ಕಿಟಕಿಯ ಹೊರಗೆ ಬಿಸಿಲು ಆಗಲೇ ಎದುರು ಕಟ್ಟಡದ ಅರ್ಧಕ್ಕೆ ಏರಿತ್ತು. ಸಂಜೆಗೆ ಇನ್ನೆಷ್ಟು ಹೊತ್ತು?

ಮೇಷ್ಟ್ರು ಗುಂಡಿ ಹಾಕಿಕೊಳ್ಳುತ್ತ ಮತ್ತೆ ಆ ಫೋಟೋ ಕಡೆ ಬಗ್ಗಿದರು. ಒಮ್ಮೆಲೇ ಅವರ ದನಿ ಬದಲಾಯಿತು.

"ಮೇಡಂ, ಇದು ಮಂಚಾನಾ? ಅವರನ್ನ ಅಂಗಾತ ಮಲಗಿಸಿದ್ರಾ?"

"ಹೌದು. ಯಾಕೆ?"

"ದಿಂಬು?"

"ಒಂದೇ. ತೆಳ್ಳಗಿಂದು."

"ಅಯ್ಯೋ ದೇವರೇ!" ಮೇಷ್ಟ್ರು ಹಣೆ ಹಿಡಿದುಕೊಂಡರು. "ಮಾತ್ರೆ ಕೊಟ್ಟು ಕೊಂದ್ರು ಅಂತ ಅಲ್ವಾ ಊರೆಲ್ಲ ಹೇಳ್ತಿರೋದು? ಮಾತ್ರೆ ಯಾತಕ್ಕೆ? ಅವರನ್ನ ಕೊಲ್ಲೋಕೆ ಮಲಗಿಸಿದ್ರೆ ಸಾಕು!"

ಅವಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಒರೆಸುತ್ತಿದ್ದ ಜಾಡಿಯನ್ನು ತಂದು ಮೇಜಿನ ಮೇಲಿಟ್ಟರು. ತಳವಿಲ್ಲದ ಜಾಡಿ. ಮೇಲಿನ ಬಿರಡೆಯಿಂದ ಒಂದು ಕೊಳವೆ ಇಳಿದು ಎರಡಾಗಿತ್ತು, ಎರಡರ ತುದಿಗೂ ಒಂದೊಂದು ಬಲೂನು ಕಟ್ಟಿತ್ತು. ತಳಕ್ಕೆ ಬಿಗಿಯಾಗಿ ರಬ್ಬರಿನ ಹಾಳೆ.

"ಶ್ವಾಸಕೋಶ ತಾನಾಗೇ ಗಾಳಿ ಎಳೀತದೆ ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅದಕ್ಕೆ ಆ ಶಕ್ತಿ ಎಲ್ಲಿದೆ? ಕೊಳವೆ ಕವಲೊಡೆದು, ಕವಲು ಮತ್ತೆ ಕವಲೊಡೆದು, ಕೊನೇಲಿ ಸಾಸಿವೆಗಿಂತ ಸಣ್ಣ ಗಾಳಿಗೂಡುಗಳು. ಅಷ್ಟೇ. ಸ್ಪಂಜಿದ್ದ ಹಾಗೆ. ದುಡಿಯೋದು ಕೆಳಗಿರೋನು." ಅವರು ರಬ್ಬರ್ ಹಾಳೆಯನ್ನು ಕೆಳಕ್ಕೆ ಎಳೆದರು. ಬಲೂನು ಎರಡೂ ಉಬ್ಬಿದವು. ಬಿಟ್ಟರು, ಇಳಿದವು. "ವಪೆ ಅಂತಾರೆ. ಎದೆಗೂ ಹೊಟ್ಟೆಗೂ ಮಧ್ಯೆ ಕೊಡೆ ಬಿಚ್ಚಿದ ಹಾಗಿರೋ ಮಾಂಸದ ಹಾಳೆ. ಇವನು ಕೆಳಗಿಳಿದ್ರೆ ಉಸಿರು ಒಳಗೆ, ಮೇಲೆದ್ರೆ ಹೊರಗೆ. ಹುಟ್ಟಿದಾಗಿಂದ ರಜ ಇಲ್ಲ, ಸಂಬಳ ಇಲ್ಲ."

"ಯಜಮಾನ್ರಿಗೆ ಏನಾಗಿತ್ತು?"

"ಈ ವಪೆಗೆ ಅಪ್ಪಣೆ ಕೊಡೋ ನರ ಕತ್ತಿಂದ ಹೊರಟು ಹೃದಯದ ಪಕ್ಕದಲ್ಲೇ ಇಳೀತದೆ. ಎರಡೂ ಕಡೆ ಒಂದೊಂದು. ಹೃದಯದ ಆಪರೇಷನ್ ಆದಾಗ ಎರಡಕ್ಕೂ ಪೆಟ್ಟು ಬಿತ್ತು. ಹೃದಯ ಸರಿಹೋಯ್ತು, ವಪೆ ಸತ್ತುಹೋಯ್ತು." ಅವರು ಬಿಗಿಯಾದ ಹಾಳೆ ಬಿಚ್ಚಿ ಜೋತುಬಿದ್ದ ಇನ್ನೊಂದನ್ನು ಕಟ್ಟಿದರು. ಅದಕ್ಕೆ ಅಂಟಿದಂತೆ ನೀರು ತುಂಬಿದ ಒಂದು ಚೀಲ ತೂಗುಬಿಟ್ಟರು. "ಇದು ಯಜಮಾನ್ರು. ಈ ಚೀಲ ಅವರ ಹೊಟ್ಟೆ. ಕೂತಾಗ ಹೊಟ್ಟೆಯ ಭಾರ ಕೆಳಕ್ಕೆ ಜಗ್ಗುತದೆ. ಪಕ್ಕೆಲುಬಿನ ನಡುವಿನ ಸ್ನಾಯು, ಕತ್ತಿನ ಸ್ನಾಯು ಎಲ್ಲ ಸೇರಿ ಹೇಗೋ ಎಳ್ಕೊಂಡು ಬದುಕ್ತಾರೆ. ಈಗ ನೋಡಿ."

ಅವರು ಜಾಡಿಯನ್ನು ಮೆಲ್ಲಗೆ ಅಡ್ಡ ಮಲಗಿಸಿದರು.

ನೀರಿನ ಚೀಲ ಜೋತ ಹಾಳೆಯನ್ನು ತಳ್ಳಿಕೊಂಡು ಜಾಡಿಯ ಒಳಗೆ ನುಗ್ಗಿತು. ಬಲೂನುಗಳು ಮುದುಡಿ ಮೂಲೆಗೆ ಸರಿದವು. ಇನ್ಸ್‌ಪೆಕ್ಟರಮ್ಮನಿಗೆ ಯಾರೋ ತನ್ನ ಎದೆಯ ಮೇಲೆ ಕೂತಂತಾಯಿತು.

"ಅದಕ್ಕೇ ಅವರು ಕುರ್ಚೀಲಿ ಮಲಗ್ತಿದ್ದದ್ದು," ಎಂದಳು ಮೆಲ್ಲಗೆ.

"ಮತ್ತೆ! ಹಟ ಅಂದ್ಕೊಂಡ್ರಾ?"

ಹಟ ಎಂದೇ ಹೇಳಿದ್ದಳು ತಂಗಿ. "ಮಾತ್ರೆ ಕೊಟ್ಟೆ, ಕುರ್ಚೀಲಿ ಕೂರಿಸಿದೆ, ಪಕ್ಕದ ಕೋಣೇಲಿ ಹೋಗಿ ಮಲಗಿದೆ. ಬೆಳಗ್ಗೆ ನೋಡಿದ್ರೆ ಮಂಚದ ಮೇಲಿದ್ರು. ಅವರು ಯಾಕೆ ಕೂತೇ ಮಲಗ್ತಿದ್ರೋ ನನಗೇನು ಗೊತ್ತು ಅಕ್ಕ? ಮುದುಕರ ಹಟ ಅಂದ್ಕೊಂಡೆ. ಯಾರೂ ಹೇಳಿರಲಿಲ್ಲ, ಅಮ್ಮನಾಣೆ." ಅಮ್ಮನ ಆಣೆ ಇಟ್ಟ ಮೇಲೆ ಮುಂದೆ ಕೇಳಲು ಏನಿದೆ?

ಮೇಷ್ಟ್ರು ಫೋಟೋವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಆ ಎರಡು ಕೈಗಳನ್ನು ದಿಟ್ಟಿಸಿ ನೋಡಿದರು. ನೋಡ ನೋಡುತ್ತ ಅವರ ಕಣ್ಣು ತುಂಬಿತು.

"ಈ ಕೈ ಯಾರೂ ಇಟ್ಟದ್ದಲ್ಲ, ಮೇಡಂ. ಅವರೇ ಇಟ್ಕೊಂಡಿದ್ದು."

"ಅಂದ್ರೆ?"

"ನಾನೇ ಕಲಿಸಿದ್ದು. ಉಸಿರು ಕಟ್ಟಿದಾಗ ಗಾಬರಿ ಆಗಬೇಡಿ, ಎದೆ ಮೇಲೊಂದು ಕೈ ಇಡಿ, ಹೊಟ್ಟೆ ಮೇಲೊಂದು ಕೈ ಇಡಿ, ನಿಧಾನಕ್ಕೆ ಎಳೀರಿ, ನಾನಿದ್ದೀನಿ ಅಂತ. ಒಂದು ಸಲ ಮೈಗೆ ಹತ್ತಿದ್ರೆ ಮುಗೀತು. ಹೆದರಿದ ಕೂಡ್ಲೇ ಕೈ ತಾನಾಗೇ ಅಲ್ಲಿಗೆ ಹೋಗ್ತದೆ. ಈಗ ನನ್ನ ಕೈ ಹೋಗ್ಲಿಲ್ವಾ, ನಿಮ್ಮ ಎದುರೇ?" ಅವರು ಮೂಗೊರೆಸಿಕೊಂಡರು. "ಪಾಪ, ಕೊನೇ ಗಳಿಗೇಲೂ ನನ್ನ ಪಾಠ ಒಪ್ಪಿಸ್ತಿದ್ರು. ಪಾಠ ಏನೂ ಕೆಲಸಕ್ಕೆ ಬರಲಿಲ್ಲ."

ಮುದುಕರಿಬ್ಬರ ಸಂಕಟ ಅದು, ಒಬ್ಬ ಸತ್ತವನು, ಒಬ್ಬ ಬದುಕಿದ್ದವನು. ಇನ್ಸ್‌ಪೆಕ್ಟರಮ್ಮನಿಗೂ ಅಯ್ಯೋ ಎನ್ನಿಸಿತು. ಆದರೆ ಏನು ಮಾಡೋದು, ಅಯ್ಯೋ ಅನ್ನುವುದರ ಹಿಂದೆಯೇ ಇನ್ನೊಂದು ಯೋಚನೆ ಓಡಿಬಂದು ಅದನ್ನು ಹಿಂದಕ್ಕೆ ಹಾಕಿತು.

"ಮೇಷ್ಟ್ರೇ, ತಡೀರಿ. ಕೈ ಅವರೇ ಇಟ್ಕೊಂಡ್ರು ಅಂದ್ರೆ, ಅವರಿಗೆ ಎಚ್ಚರ ಇತ್ತು!"

"ಇರಲೇಬೇಕು."

"ಮಾತ್ರೆ ಹೆಚ್ಚು ತಗೊಂಡು ಮೈಮರೆತು ಬಿದ್ದಿದ್ರೆ?"

"ಮೈಮರೆತೋರು ಪಾಠ ಒಪ್ಪಿಸ್ತಾರಾ? ಬೆರಳು ನೋಡಿ, ಹೇಗೆ ಅಗಲಿಸಿದ್ದಾರೆ. ಹೊಟ್ಟೆ ಏಳ್ತಿದೆಯಾ ಅಂತ ಬೆರಳಲ್ಲಿ ಹುಡುಕ್ತಿದ್ರು."

ಹೋದ ಜೀವ ಬಂದಂತಾಯಿತು. ಮಾತ್ರೆ ಅಲ್ಲ! ಮಗನ ದೂರು ನಿಂತದ್ದೇ ಮಾತ್ರೆಯ ಮೇಲೆ. ಆ ಕಾಲು ಮುರಿದರೆ ದೂರು ದೊಪ್ಪನೆ ಬೀಳುತ್ತದೆ. ತಂಗಿ ಇವತ್ತು ಸಂಜೆ ಮನೆಯಲ್ಲೇ ಇರುತ್ತಾಳೆ, ತನ್ನ ಮಂಚದಲ್ಲೇ ಮಲಗುತ್ತಾಳೆ. ಇನ್ಸ್‌ಪೆಕ್ಟರಮ್ಮ ಅಳು ನಗು ಎರಡೂ ಒಟ್ಟಿಗೇ ಬಂದು ಏನು ಮಾಡಬೇಕೆಂದು ತಿಳಿಯದೆ ಮೀಸೆ ಸಾಹೇಬರ ನಂಬರು ಒತ್ತಿದಳು.

ಬೇರೆಯವರ ಜೊತೆ ಮಾತಾಡುತ್ತಿದ್ದರು. ಕಟ್ಟಾಯಿತು.

"ಪರವಾಗಿಲ್ಲ, ಅವರೇ ಮಾಡ್ತಾರೆ," ಎಂದು ಮೊಬೈಲನ್ನು ಮೇಜಿನ ಮೇಲಿಟ್ಟಳು. ಫೋಟೋ ಮತ್ತೆ ತೆರೆದುಕೊಂಡಿತು. "ಮೇಷ್ಟ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ? ಆ ನರ್ಸ್ ನನ್ನ..."

"ಆದ್ರೂ ಒಂದು ಅರ್ಥ ಆಗ್ತಿಲ್ಲ," ಎಂದರು ಮೇಷ್ಟ್ರು, ಅವಳ ಮಾತು ಕಿವಿಗೆ ಬೀಳದವರಂತೆ. "ಎಚ್ಚರ ಇದ್ದೋರು ಎದ್ದು ಕೂರಬೇಕಿತ್ತಲ್ಲ? ಉಸಿರು ಕಟ್ಟಿದೋನು ಮೊದಲು ಮಾಡೋದೇ ಅದು. ಮೇಲೇಳ್ತಾನೆ, ಒದೀತಾನೆ, ಮಂಚದಿಂದ ಬೀಳ್ತಾನೆ. ಇವರು ಯಾಕೆ ಮಲಗೇ ಇದ್ರು?"

ಹೀಗೆನ್ನುತ್ತ ಅವರ ಬೆರಳು ಮೊಬೈಲಿನ ಮೇಲೆ ಸರಿಯಿತು. ಫೋಟೋ ಹಿಂದಕ್ಕೆ ಜಾರಿತು.

ಮೊದಲನೆಯ ಫೋಟೋ. ಹೊದಿಕೆ ಸರಿಸುವ ಮುಂಚಿನದು.

ಇನ್ಸ್‌ಪೆಕ್ಟರಮ್ಮ ಕೈ ಚಾಚಿದಳು. ತಡವಾಗಿತ್ತು.

"ಓಹೋ!" ಎಂದರು ಮೇಷ್ಟ್ರು. "ಇದೇನಿದು, ಲಕೋಟೆ ಅಂಟಿಸಿದ ಹಾಗೆ!"

ಕತ್ತಿನವರೆಗೆ ಎಳೆದ ಹೊದಿಕೆ. ಮೂರು ಕಡೆಯೂ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿತ್ತು. ಕಾಲ ಬಳಿಯ ಎರಡು ಮೂಲೆಗಳಲ್ಲಿ ಓರೆಯಾದ ಮಡಿಕೆ, ಇಸ್ತ್ರಿ ಹೊಡೆದಷ್ಟು ನೇರ.

ಆ ಮಡಿಕೆಯನ್ನು ಅವಳು ಬೆಳಗ್ಗೆಯೇ ನೋಡಿದ್ದಳು. ನೋಡಿ, ನೋಡಲಿಲ್ಲ ಎಂದುಕೊಂಡಿದ್ದಳು. ಯಾವ ಆಸ್ಪತ್ರೆಯಲ್ಲಿ ನೋಡಿದರೂ ಹಾಸಿಗೆ ಹೀಗೇ ಇರುತ್ತದೆ, ಯಾರು ಬೇಕಾದರೂ ಮಾಡಬಹುದು ಎಂದು ತನಗೆ ತಾನೇ ಸಾರಿ ಸಾರಿ ಹೇಳಿಕೊಂಡಿದ್ದಳು. ನರ್ಸಿಂಗ್ ಕಲಿತು ಬಂದ ಹೊಸತರಲ್ಲಿ ತಂಗಿ ಮನೆಯ ಹಾಸಿಗೆಗಳನ್ನೆಲ್ಲ ಹೀಗೇ ಕಟ್ಟಿಡುತ್ತಿದ್ದಳು. "ನೀನು ಹೊದಿಸಿದ ಮೇಲೆ ಎದ್ದು ಬರೋಕೆ ಅರ್ಜಿ ಹಾಕ್ಬೇಕು ಕಣೇ," ಎಂದು ಅಕ್ಕ ಅಣಕಿಸಿದರೆ, "ಹೊರಳಾಡಿ ಬೀಳಬಾರದು ಅಂತ ಅಕ್ಕ. ಕೈ ಒಳಗಿದ್ರೆ ಗಟ್ಟಿ ಆಳೂ ಏಳೋಕಾಗಲ್ಲ, ನೋಡ್ತೀಯಾ?" ಎಂದು ಹೊದಿಸಿ, ಅಕ್ಕ ಒಳಗೆ ಒದ್ದಾಡುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು.

ಒಡಹುಟ್ಟಿದವಳ ಮೇಲೆ ಹೀಗೆ ಯೋಚಿಸುವ ಬುದ್ಧಿಗೆ ಮಣ್ಣು ಬೀಳ. ನರ್ಸ್ ಅವಳೊಬ್ಬಳೇನಾ ಊರಲ್ಲಿ? ಅವಳಿಗಿಂತ ಮುಂಚೆ ಇದ್ದವಳು? ಅವಳನ್ನು ನೋಡಿ ಕಲಿತ ಮನೆಯವರು? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ.

"ಕೈ ಒಳಗೆ ಸಿಕ್ಕಿಹಾಕ್ಕೊಂಡಿತ್ತು," ಎಂದರು ಮೇಷ್ಟ್ರು. "ಕತ್ತಿನ ಸ್ನಾಯುವಿನಲ್ಲಿ ಉಸಿರು ಎಳೆಯೋ ಮನುಷ್ಯ, ಇದನ್ನ ಕಿತ್ಕೊಂಡು ಏಳೋಕೆ ಅವರಿಗೆ ಬಲ ಎಲ್ಲಿಂದ ಬರಬೇಕು? ಇದು ಗೊತ್ತಿದ್ದೇ ಮಾಡಿದ್ದು, ಮೇಡಂ. ಮಲಗಿಸಿದ್ರೆ ಸಾಯ್ತಾರೆ ಅಂತ ಗೊತ್ತಿದ್ದೋರು."

"ಯಾರಿಗೆ ಗೊತ್ತಿತ್ತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೇಳಿದಳು. "ಮಲಗಿಸಬಾರದು ಅಂತ ನೀವು ಯಾರಿಗೆ ಹೇಳಿದ್ರಿ? ಮಗನಿಗೆ ಹೇಳಿದ್ರಾ?"

"ಮಗ ಒಂದು ದಿನಾನೂ ಬಂದಿಲ್ಲ. ಯಜಮಾನ್ರೂ ಮನೇಲಿ ಹೇಳಬೇಡಿ ಅಂತಿದ್ರು. ಮರ್ಯಾದೆ! ಊದೋನ ಉಸಿರೇ ಹೋಯ್ತು ಅಂತ ನಗ್ತಾರೆ ಅನ್ನೋ ಸಂಕಟ. ನಾನು ಹೇಳಿದ್ದು ಒಬ್ಬರಿಗೇ. ಮೊನ್ನೆ ಮೊನ್ನೆ ಅವರ ಜೊತೆ ಬಂದಿದ್ರಲ್ಲ, ಅವರಿಗೆ. ಬರೀ ಹೇಳಿದ್ರೆ ಜನ ಮರೀತಾರೆ ಅಂತ ಅವರ ಕೈಯನ್ನೇ ಹಿಡಿದು ಯಜಮಾನ್ರ ಹೊಟ್ಟೆ ಮೇಲೆ ಇಡಿಸಿದೆ. ಉಸಿರು ಎಳೆದಾಗ ಎಲ್ಲರ ಹೊಟ್ಟೆ ಮೇಲೇಳ್ತದೆ, ಇವರದು ಒಳಗೆ ಹೋಗ್ತದೆ, ಕೈಗೆ ತಿಳೀಲಿ ಅಂತ. ಆಮೇಲೆ ಅವರಿಗೂ ಅಭ್ಯಾಸ ಮಾಡಿಸಿದೆ. ಅವರ ಉಸಿರೂ ಭುಜದಲ್ಲೇ ಆಡ್ತಿತ್ತು."

"ಯಾರು ಅದು?"

ಮೇಷ್ಟ್ರು ಅವಳ ಕಡೆ ತಲೆ ಎತ್ತಿ, ತಮಾಷೆ ಮಾಡುತ್ತಿದ್ದಾಳೋ ಏನೋ ಎಂಬಂತೆ ನೋಡಿದರು.

"ಏನ್ ಮೇಡಂ, ಪರೀಕ್ಷೆ ಮಾಡ್ತಿದ್ದೀರಾ? ನೀವೇ ಅಲ್ವಾ?"

"ನಾನು ಇಲ್ಲಿಗೆ ಬರ್ತಿರೋದು ಇದೇ ಮೊದಲು," ಎಂದಳು ಇನ್ಸ್‌ಪೆಕ್ಟರಮ್ಮ.

"ಹೋಗ್ಲಿ ಬಿಡಿ. ಅಂಗಡಿ ಆಳುಗಳು ಯಜಮಾನ್ರನ್ನ ಕುರ್ಚಿ ಸಮೇತ ಹೊತ್ಕೊಂಡು ಬಂದ್ರು, ಹಿಂದೆ ನೀವು ಮೆಟ್ಟಿಲು ಹತ್ತಿ ಬಂದ್ರಿ. ಮುಖ ನನಗೆ ನೆನಪಿರಲ್ಲ, ಒಪ್ಕೊಳ್ತೀನಿ. ನನ್ನ ಹೆಂಡತೀನೇ ಸಂತೇಲಿ ಗುರುತು ಸಿಗದೆ ಬೈಸ್ಕೊಂಡಿದ್ದೀನಿ. ಆದ್ರೆ ಉಸಿರು ಮರೆಯಲ್ಲ. ಮೇಲೆ ಮೇಲೆ ಎಳೆಯೋದು, ಕೊನೇಲಿ ಸಣ್ಣ ತಡೆ. ಅಡಗಿ ಕೂತ ಮಕ್ಕಳು ಉಸಿರಾಡ್ತಾರಲ್ಲ, ಹಾಗೆ. ಆ ಥರ ಉಸಿರು ಇನ್ನೊಬ್ಬರಲ್ಲಿ ನಾನು ಕೇಳಿಲ್ಲ. ಅದಕ್ಕೇ ಬಂದ ಕೂಡ್ಲೇ ಭುಜ ಇಳಿಸಿ ಅಂದಿದ್ದು."

ಅಡಗಿ ಕೂತ ಮಕ್ಕಳು. ಅಪ್ಪ ಕುಡಿದು ಬಂದ ದಿನಗಳಲ್ಲಿ ಮಂಚದ ಕೆಳಗೆ ಇಬ್ಬರೇ ಅಂಟಿಕೊಂಡು ಕೂತು, ಸದ್ದಾಗಬಾರದೆಂದು ಎದೆಯ ಮೇಲ್ಭಾಗದಲ್ಲೇ ಚೂರು ಚೂರು ಉಸಿರು ಎಳೆದು, ಕೊನೆಗೆ ತಡೆ ಹಿಡಿದು. ಒಬ್ಬಳು ಕಲಿತದ್ದನ್ನು ಇನ್ನೊಬ್ಬಳೂ ಕಲಿತಿದ್ದಳು. ಈ ಭೂಮಿಯ ಮೇಲೆ ಹಾಗೆ ಉಸಿರಾಡುವವರು ಇಬ್ಬರೇ.

ಆ ಮೆಟ್ಟಿಲು ನನ್ನ ಕೈಲಾಗಲ್ಲ ಅಕ್ಕ.

ಇನ್ಸ್‌ಪೆಕ್ಟರಮ್ಮ ಎದ್ದು ಕಿಟಕಿಗೆ ಹೋದಳು. ಹಿಂದೆಯೇ ಮೇಷ್ಟ್ರೂ ಬಂದು ನಿಂತರು.

"ಅಲ್ಲಿ, ಕಾರಲ್ಲಿ," ಎಂದಳು. "ಅವಳಾ?"

"ಮುಖ ತೋರಿಸಿದ್ರೆ ನನಗೇನು ತಿಳೀತದೆ ಮೇಡಂ? ಮೆಟ್ಟಿಲು ಹತ್ತಿಸಿ, ಹೇಳ್ತೀನಿ."

ಕಾರಿನ ಗಾಜು ಇಳಿದಿತ್ತು. ತಂಗಿ ಸೀಟಿಗೆ ಒರಗಿದ್ದವಳು ಯಾಕೋ ತಲೆ ಎತ್ತಿದಳು. ಕಿಟಕಿಯಲ್ಲಿ ಅಕ್ಕನನ್ನು ನೋಡಿದಳು. ಅಕ್ಕನ ಪಕ್ಕದಲ್ಲಿ ನಿಂತವರನ್ನು ನೋಡಿದಳು.

ಕೂಗಲಿಲ್ಲ. ಇಳಿದು ಓಡಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆಯಿತು, ಭುಜಗಳು ಕಿವಿಯ ತನಕ ಏರಿದವು. ಆಮೇಲೆ, ಅವಳಿಗೇ ತಿಳಿಯದ ಹಾಗೆ, ಬಲಗೈ ಮೆಲ್ಲಗೆ ಎದ್ದು ಎದೆಯ ಮೇಲೆ ಕೂತಿತು. ಎಡಗೈ ಹೊಟ್ಟೆಯ ಮೇಲೆ ಕೂತು ಬೆರಳು ಅಗಲಿಸಿತು.

ಪಕ್ಕದಲ್ಲಿ ಮೇಷ್ಟ್ರು ಅರ್ಧ ಎಳೆದ ಉಸಿರನ್ನು ಹಾಗೇ ಹಿಡಿದುಬಿಟ್ಟರು.

ಹಿಂದೆ ಮೇಜಿನ ಮೇಲೆ ಮೊಬೈಲು ಹೊಡೆದುಕೊಳ್ಳತೊಡಗಿತು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಇನ್ಸ್‌ಪೆಕ್ಟರಮ್ಮ ತಂಗಿಯ ಮೇಲಿನ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿ, ತಡಕಾಡಿ, ಅದನ್ನು ಎತ್ತಿ ಕಿವಿಗೆ ಹಿಡಿದಳು.

"ಫೋನ್ ಮಾಡಿದ್ರಲ್ಲ, ಹೇಳಿ ಮೇಡಂ," ಎಂದರು ಮೀಸೆ ಸಾಹೇಬರು. "ತಂಗೀನ ಉಳಿಸೋಕೆ ಏನಾದ್ರೂ ಸಿಕ್ತಾ?"